ಹಲ್ಲಿನ ಇಂಜೆಕ್ಷನ್ನು, ಶೀನಣ್ಣನ ಕಣ್ಣು

ಹಲ್ಲಿನ ಡಾಕ್ಟರರ ಬಳಿ ಸಹಾಯಕಿಯಾಗಿ ಸೇರುವ ಹುಡುಗಿಯರಿಗೆ ಮೊದಲ ದಿನ ಏನೇನು ಕಲಿಸುತ್ತಾರೆಂದು ನನಗೆ ಗೊತ್ತು. ಇಕ್ಕಳಗಳನ್ನು ಹೀಗೆ ಜೋಡಿಸು, ಹತ್ತಿಯನ್ನು ಹೀಗೆ ಉಂಡೆ ಮಾಡು, ಡಾಕ್ಟ್ರು ಕೈ ಚಾಚಿದರೆ ಕೇಳುವ ಮೊದಲೇ ಸಾಮಾನು ಕೊಡು, ರೋಗಿಗಳ ಎದುರು ಬಾಯಿ ಬಿಡಬೇಡ. ಕುಂದಾಪುರದ ಒಂದು ಕ್ಲಿನಿಕ್ಕಿನಲ್ಲಿ ಮೂವತ್ತೊಂದು ವರ್ಷ ಈ ಕೆಲಸ ಮಾಡಿ ಮನೆಗೆ ಬಂದವಳು ನಾನು. ಆ ಕೊನೆಯ ಪಾಠವನ್ನು ಕಲಿತಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಕಲಿಯಲಿಲ್ಲ. ಈಗ ನೆನೆದರೆ ಮೈ ಉರಿಯುವುದು ಅದಕ್ಕೇ.

ಯಾರೂ ಕಲಿಸದ ಪಾಠ ಒಂದಿದೆ. ಡಾಕ್ಟ್ರು ಬಾಯಿಯೊಳಗೆ ನೋಡುತ್ತಾರೆ. ದೀಪ ಬಾಯಿಗೆ, ಕನ್ನಡಿ ಬಾಯಿಗೆ, ಗಮನವೆಲ್ಲ ಒಂದು ಹಲ್ಲಿಗೆ. ಕುರ್ಚಿಯ ಆಚೆ ಬದಿಯಲ್ಲಿ ನಿಂತ ನಿಮಗೆ ಮಾತ್ರ ರೋಗಿಯ ಇಡೀ ಮುಖ ಕಾಣುತ್ತದೆ. ಹಾಗಾಗಿ ಕಣ್ಣು ನೋಡಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಒಂದೈದು ನಿಮಿಷ ಆ ಎರಡು ಕಣ್ಣುಗಳನ್ನು ಬಿಟ್ಟು ಬೇರೆ ಕಡೆ ನೋಡಬೇಡಿ. ನಾನು ನೋಡಿದ್ದೆ. ನೋಡಿಯೂ ನೋಡದವಳ ಹಾಗೆ ನಿಂತಿದ್ದೆ, ಅದರಿಂದ ಒಬ್ಬ ಮನುಷ್ಯನ ಮಾನ ಹೋಯಿತು. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ.

ನಾನು ಸೇರಿದ್ದು ಗಾಜಿನ ಸಿರಿಂಜುಗಳ ಕಾಲದಲ್ಲಿ. ಬೆಳಿಗ್ಗೆ ಬಾಗಿಲು ತೆರೆದವಳೇ ನೀರು ಕುದಿಸಲು ಇಟ್ಟು ಅದರೊಳಗೆ ಸಿರಿಂಜು, ಸೂಜಿ ಹಾಕಬೇಕಿತ್ತು. ಸೂಜಿಯ ಮೊನೆ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದೂ ಇದೆ. ಈಗಿನವರು ಕೇಳಿದರೆ ಮುಖ ಸಿಂಡರಿಸುತ್ತೀರಿ, ಸಿಂಡರಿಸಲೇಬೇಕು. ನಮ್ಮ ಡಾಕ್ಟ್ರ ಕೈ ಬಹಳ ಚುರುಕು. ಸಂತೆಯ ದಿನ ಬೈಂದೂರಿನ ಬಸ್ಸಿನಲ್ಲಿ ಬಂದವರು, ಶಂಕರನಾರಾಯಣದ ಬಸ್ಸಿನಲ್ಲಿ ಬಂದವರು ಎಲ್ಲ ಸೇರಿ ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂತಿರುತ್ತಿದ್ದರು. ಅವರನ್ನೆಲ್ಲ ಮಧ್ಯಾಹ್ನದ ಊಟದೊಳಗೆ ಮುಗಿಸಿ ಕಳಿಸುವುದು ಡಾಕ್ಟ್ರ ದೊಡ್ಡ ಹೆಮ್ಮೆ. ಊರಿನವರೂ ಅದನ್ನೇ ಹೊಗಳುತ್ತಿದ್ದರು, ಬೇಗ ಕೀಳುವವನೇ ಒಳ್ಳೆಯ ಡಾಕ್ಟರು ಎಂದು.

ಎರಡನೆಯದೋ ಮೂರನೆಯದೋ ವರ್ಷ, ಕೊಕ್ಕರ್ಣೆಯಿಂದ ಒಬ್ಬಳು ಕಾಲೇಜು ಹುಡುಗಿ ಬಂದಿದ್ದಳು. ಮೇಲಿನ ದವಡೆಗೆ ಇಂಜೆಕ್ಷನ್ ಕೊಟ್ಟ ಕೂಡಲೇ ಅವಳ ಕಣ್ಣಿನ ಕೆಳಗಿನಿಂದ ಮೂಗಿನ ಬದಿಯವರೆಗೆ ಚರ್ಮ ಬೆಳ್ಳಗಾಯಿತು. ಅಕ್ಕಿಹಿಟ್ಟು ಮೆತ್ತಿದ ಹಾಗೆ ಒಂದು ಪಟ್ಟೆ. "ಕಣ್ಣಡಿ ಉರಿತ್ತ್" ಎಂದಳು ಹುಡುಗಿ. ನಾನು ಹೆದರಿ, "ಡಾಕ್ಟ್ರೆ, ಮುಖ ಕಾಣಿ" ಎಂದುಬಿಟ್ಟೆ. ಕಾಲು ಗಂಟೆಯಲ್ಲಿ ಬಣ್ಣ ಮರಳಿತು, ಹಲ್ಲೂ ಬಂತು, ಹುಡುಗಿ ಹೋದಳು. ಆಮೇಲೆ ನನಗೆ ಆದ ಮಂಗಳಾರತಿಯನ್ನು ಮರೆಯುವ ಹಾಗಿಲ್ಲ. "ರೋಗಿ ಎದ್ರ್ ಇನ್ನೊಂದ್ ಸಲ ಬಾಯಿ ಬಿಟ್ರೆ ನಾಳೆಯಿಂದ ಬರುದೇ ಬ್ಯಾಡ" ಎಂದರು ಡಾಕ್ಟ್ರು. ಕೈಯಲ್ಲಿದ್ದದ್ದು ಅದೊಂದೇ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ. ಅಂದಿನಿಂದ ನನ್ನ ಬಾಯಿಗೆ ಬೀಗ ಬಿತ್ತು.

ಹಾಗೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ನಡುವೆ ಎಂಟು ತಿಂಗಳು ಒಬ್ಬರು ಚಿಕ್ಕ ಡಾಕ್ಟ್ರಮ್ಮ ನಮ್ಮಲ್ಲಿ ಕೆಲಸಕ್ಕಿದ್ದರು, ಆಗಷ್ಟೇ ಓದು ಮುಗಿಸಿದವರು. ಆ ಹೊತ್ತಿಗೆ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜುಗಳು ಬಂದಿದ್ದವು. ಅವರು ಸೂಜಿ ಚುಚ್ಚಿದ ಮೇಲೆ ಮದ್ದು ದೂಡುವ ಮೊದಲು ಸಿರಿಂಜಿನ ದಂಟನ್ನು ಒಂಚೂರು ಹಿಂದಕ್ಕೆ ಎಳೆಯುತ್ತಿದ್ದರು. ಒಂದು ದಿನ ಹಾಗೆ ಎಳೆದಾಗ ಮದ್ದಿನೊಳಗೆ ಕೆಂಪು ಎಳೆ ಹೊಕ್ಕಿತು. ಅವರು ತಕ್ಷಣ ಸೂಜಿ ತೆಗೆದು, ಹೊಸ ಸಿರಿಂಜು ತರಿಸಿ, ಬೇರೆ ಜಾಗಕ್ಕೆ ಕೊಟ್ಟರು. ಆಮೇಲೆ ಚಹಾ ಕುಡಿಯುವಾಗ ನನಗೆ ಬಿಡಿಸಿ ಹೇಳಿದರು. ಮೇಲಿನ ಕೊನೆಯ ಹಲ್ಲುಗಳ ಹಿಂದೆ ರಕ್ತನಾಳಗಳ ಬಲೆಯೇ ಇದೆ. ಸೂಜಿ ನಾಳದೊಳಗೆ ಹೊಕ್ಕರೆ, ಅಥವಾ ಬೇಕಾದ್ದಕ್ಕಿಂತ ಆಳ ಹೋದರೆ, ಮದ್ದು ಕಣ್ಣಿನ ಗೂಡಿನವರೆಗೂ ಹೋಗಬಹುದು. ಅಲ್ಲಿ ಕಣ್ಣುಗುಡ್ಡೆಯನ್ನು ತಿರುಗಿಸುವ ನರ ಮರಗಟ್ಟಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಕೆಲವರಿಗೆ ರೆಪ್ಪೆ ಜೋಲುತ್ತದೆ, ತೀರಾ ಅಪರೂಪಕ್ಕೆ ನೋಟವೇ ಮಬ್ಬಾಗುತ್ತದೆ.

"ಹೆಚ್ಚಿನವ್ರಿಗೆ ಮದ್ದಿನ ಪ್ರಭಾವ ಇಳಿದ ಹಾಗೆ ಸರಿಯಾಗ್ತದೆ ಜಲಜಕ್ಕ" ಎಂದಿದ್ದರು ಆ ಡಾಕ್ಟ್ರಮ್ಮ. "ಆದ್ರೆ ಸರಿಯಾಗುವ ತನಕ ಅವ್ರನ್ನು ಒಬ್ರೇ ಹೊರಗೆ ಬಿಡಬಾರದು. ಆ ಕಣ್ಣಿಗೆ ಬಟ್ಟೆ ಮುಚ್ಚಿ ಕೂರಿಸ್ಬೇಕು, ಮನೆಯವ್ರನ್ನು ಕರೆಸ್ಬೇಕು, ಗಾಡಿ ಬಿಡ್ಲಿಕ್ಕೆ ಕೊಡ್ಲೇಬಾರದು. ಕೆಲವು ಗಂಟೆ ಕಳೆದ್ರೂ ಹೋಗದಿದ್ರೆ, ನೋಟವೇ ಮಬ್ಬಾದ್ರಂತೂ ಕೂಡಲೇ, ಕಣ್ಣಿನ ಡಾಕ್ಟ್ರ ಹತ್ರ ಕಳಿಸ್ಬೇಕು."

ನಮ್ಮ ಡಾಕ್ಟ್ರು ಅವರನ್ನು ಗೇಲಿ ಮಾಡಿದ್ದೇ ಮಾಡಿದ್ದು. ಒಂದು ಇಂಜೆಕ್ಷನ್ನಿಗೆ ಅರ್ಧ ದಿನ ತೆಗೆದುಕೊಳ್ಳುತ್ತೀರಿ, ಹೊರಗೆ ಜನ ಒಣಗುತ್ತಿದ್ದಾರೆ ಎಂದು ರೋಗಿಗಳಿಗೆ ಕೇಳುವ ಹಾಗೆ ಹೇಳುತ್ತಿದ್ದರು. ದಂಟು ಹಿಂದಕ್ಕೆ ಎಳೆಯುವುದನ್ನು ಅವರೂ ಕಾಲೇಜಿನಲ್ಲಿ ಕಲಿತವರೇ. ಬಿಟ್ಟದ್ದು ಯಾಕೆಂದರೆ ಅದಕ್ಕೆ ನಾಲ್ಕು ಸೆಕೆಂಡು ಬೇಕು. ನಾಲ್ಕು ಸೆಕೆಂಡು ಉಳಿಸಿ ಈ ಮನುಷ್ಯರು ಏನು ಕಡಿದು ಗುಡ್ಡೆ ಹಾಕಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಡಾಕ್ಟ್ರಮ್ಮ ಬೇಸತ್ತು ಬಿಟ್ಟು ಹೋದರು.

ಇನ್ನು ಶಿಬಿರಗಳ ವಿಷಯ. ನಮ್ಮ ಡಾಕ್ಟ್ರಿಗೆ ಸುತ್ತಮುತ್ತ ಹೆಸರು ಬಂದದ್ದು ಹಲ್ಲು ಕಿತ್ತದ್ದಕ್ಕಿಂತ ಹೆಚ್ಚಾಗಿ ಮೂಢನಂಬಿಕೆಯನ್ನು ಕಿತ್ತದ್ದಕ್ಕೆ. ಮೇಲಿನ ಹಲ್ಲು ತೆಗೆಸಿದರೆ ಕಣ್ಣು ಹೋಗುತ್ತದೆ ಎಂದು ನಮ್ಮ ಕಡೆ ಜನ ಹೆದರುತ್ತಿದ್ದರು. ಹುಳುಕು ಹಲ್ಲು ಇಟ್ಟುಕೊಂಡು ಕೆನ್ನೆ ಊದಿಸಿಕೊಂಡು ಬರುತ್ತಿದ್ದರೇ ಹೊರತು ಕೀಳಲು ಒಪ್ಪುತ್ತಿರಲಿಲ್ಲ. ಆ ಹೆದರಿಕೆ ಸುಳ್ಳೇ, ಹಲ್ಲು ತೆಗೆದರೆ ಕಣ್ಣು ಹೋಗುವುದಿಲ್ಲ. ಅದನ್ನು ಜನರಿಗೆ ತಿಳಿಸಲು ಶಾಲೆಗಳಲ್ಲಿ, ಯುವಕ ಮಂಡಲಗಳಲ್ಲಿ ಡಾಕ್ಟ್ರು ಶಿಬಿರ ಮಾಡುತ್ತಿದ್ದರು. ಭಾಷಣ ಮಾತ್ರ ನನ್ನದು. ನಮ್ಮ ಭಾಷೆಯಲ್ಲಿ ಹೇಳಿದರೆ ಜನ ಕೇಳುತ್ತಾರೆಂದು ನನ್ನನ್ನು ಎದುರು ನಿಲ್ಲಿಸುತ್ತಿದ್ದರು.

"ಹ್ವಾಯ್, ಇಲ್ಲ್ ಕೇಣಿ" ಎಂದು ನಾನು ಶುರು ಮಾಡುತ್ತಿದ್ದೆ. "ಕಣ್ಣ್ ಅಂದ್ರೆ ಮಾಳ್ಗಿ ಮೇಲಿಪ್ಪ ಬಾಡ್ಗಿಯವ್ರ್. ಹಲ್ಲ್ ಕೆಳಗಿಪ್ಪ ಬಾಡ್ಗಿಯವ್ರ್. ಅವ್ರ ನೀರಿನ ಪೈಪ್ ಬೇರೆ, ಇವ್ರ ಪೈಪ್ ಬೇರೆ. ಕೆಳಗಿನವ್ರ್ ಮನೆ ಖಾಲಿ ಮಾಡಿರೆ ಮೇಲಿನವ್ರಿಗ್ ಎಂತ ಆತ್ತ್?"

ಜನ ನಗುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಹೋದರೂ "ಮಾಳ್ಗಿ ಜಲಜಕ್ಕ ಬಂದ್ರ್" ಎಂದು ಕರೆಯುವಷ್ಟು ಆ ಮಾತು ಹಬ್ಬಿತ್ತು. ನನಗೂ ಒಳಗೊಳಗೇ ಖುಷಿ. ಚಿಕ್ಕ ಡಾಕ್ಟ್ರಮ್ಮ ಹೇಳಿದ ಮೇಲೆ, ಪೈಪು ಬೇರೆ ಬೇರೆ ಅಲ್ಲ ಎಂದು ಗೊತ್ತಾದ ಮೇಲೂ, ಆ ಭಾಷಣದ ಒಂದಕ್ಷರ ಬದಲಾಯಿಸಲಿಲ್ಲ. ಜನ ನಗುವ ಮಾತನ್ನು ಬಿಡಲು ಮನಸ್ಸು ಬರಲಿಲ್ಲ, ಅಷ್ಟೇ.

ಶೀನಣ್ಣ ಬಂದದ್ದು ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ. ಹೆಮ್ಮಾಡಿಯವರು. ಬೈಂದೂರು ಕಡೆಯ ಒಂದು ಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನ್ ಓಡಿಸುತ್ತಿದ್ದರು. ಮಾತು ಕಡಿಮೆ, ಅಂಗಿ ಯಾವಾಗಲೂ ಇಸ್ತ್ರಿ ಮಾಡಿದ್ದು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕ್ಲಿನಿಕ್ಕಿಗೆ ಬಂದು, ಮೂರೂವರೆಗೆ ವಾಪಸು ಶಾಲೆಯಲ್ಲಿ ಇರಬೇಕು ಎಂದು ಬಂದ ಕೂಡಲೇ ಹೇಳಿದರು. ಎಡಬದಿಯ ಮೇಲಿನ ಕೊನೆಯ ಹಲ್ಲು. ಬೆಂಚು ತುಂಬ ಜನ ಇದ್ದುದರಿಂದ ಅವರ ಸರದಿ ಬಂದಾಗ ಒಂದೂವರೆ ದಾಟಿತ್ತು, ಡಾಕ್ಟ್ರಿಗೆ ಹಸಿವಾಗಿತ್ತು. ಸೂಜಿ ಒಳಗೆ ಹೋಯಿತು, ದಂಟು ಹಿಂದಕ್ಕೆ ಬರಲಿಲ್ಲ, ಮದ್ದೆಲ್ಲ ಒಂದೇ ದೂಡಿಗೆ ಹೋಯಿತು.

ಎರಡು ನಿಮಿಷ ಆಗಿರಬೇಕು. ಶೀನಣ್ಣ ಕೈ ಎತ್ತಿದರು. "ಅಕ್ಕ, ನಂಗೆ ಲೈಟ್ ಎರಡ್ ಕಾಂತ್" ಎಂದರು. "ನಿಮ್ಮ ಮುಖವೂ ಎರಡ್ ಕಾಂತ್."

ನಾನು ನೋಡಿದೆ. ಅವರು ಗೋಡೆಯ ಗಡಿಯಾರ ನೋಡಲು ಎಡಕ್ಕೆ ಕಣ್ಣು ಹೊರಳಿಸಿದಾಗ ಬಲಗಣ್ಣು ಹೊರಳಿತು. ಎಡಗಣ್ಣು ಮೂಗಿನ ಕಡೆಗೇ ನಿಂತಿತ್ತು, ಮೊಳೆ ಹೊಡೆದ ಹಾಗೆ. ಡಾಕ್ಟ್ರಮ್ಮ ಹೇಳಿದ್ದೆಲ್ಲ ಒಂದೇ ಸಲ ನೆನಪಾಯಿತು. ಡಾಕ್ಟ್ರ ಮುಖ ನೋಡಿದೆ. ಅವರೂ ನೋಡಿದ್ದರು, ಅದು ನನಗೆ ಗೊತ್ತು, ಯಾರು ಏನೇ ಹೇಳಲಿ.

"ಹೆದ್ರಿಕಿ, ಮತ್ತೆಂತದೂ ಅಲ್ಲ" ಎಂದರು ಡಾಕ್ಟ್ರು. "ಜಲಜ, ಇವ್ರಿಗೆ ಒಂಚೂರ್ ಹೇಳ್."

ನಾನು ಹೇಳಿದೆ. ಮಾಳಿಗೆ, ಬಾಡಿಗೆಯವರು, ಪೈಪು, ಎಲ್ಲವನ್ನೂ ಹೇಳಿದೆ. ಬೆಂಚಿನಲ್ಲಿದ್ದವರು ಪರದೆಯ ಆಚೆಯಿಂದ ನಕ್ಕರು. ಶೀನಣ್ಣನೂ ನಾಚಿಕೆಯಿಂದ ಸಣ್ಣಗೆ ನಕ್ಕರು, ತಮ್ಮ ಕಣ್ಣಿಗಿಂತ ನನ್ನ ಮಾತನ್ನೇ ನಂಬಿದರು. ಹಲ್ಲು ಬಂತು. ನಾನು ಹತ್ತಿ ಇಟ್ಟು, ಗಟ್ಟಿಯಾಗಿ ಕಚ್ಚಿಕೊಳ್ಳಿ, ಒಂದು ಗಂಟೆ ಮಾತಾಡಬೇಡಿ ಎಂದೆ. ಮಾತಾಡಬೇಡಿ ಎಂದವಳೂ ನಾನೇ. ಮೆಟ್ಟಿಲು ಇಳಿಯುವಾಗ ಅವರು ಗೋಡೆ ಹಿಡಿದುಕೊಂಡು ಒಂದೊಂದೇ ಕಾಲು ತಡವಿ ಇಡುತ್ತಿದ್ದರು. ನಾನು ಮುಂದಿನವರನ್ನು ಕರೆದೆ.

ಆಮೇಲೆ ನಡೆದದ್ದು ಮರುದಿನ ತಿಳಿಯಿತು. ಶೀನಣ್ಣ ಸ್ವಲ್ಪ ಹೊತ್ತು ವ್ಯಾನಿನಲ್ಲೇ ಕೂತಿದ್ದರಂತೆ. ಮಕ್ಕಳು ಕಾಯುತ್ತಾರೆಂದು ಒಂದು ಕಣ್ಣು ಮುಚ್ಚಿಕೊಂಡು, ಅಗೆದು ಹಾಕಿದ ಹೆದ್ದಾರಿಯ ಬದಿಯಲ್ಲೇ ನಿಧಾನವಾಗಿ ಹೋದರಂತೆ. ಶಾಲೆಯ ಗೇಟಿನಲ್ಲಿ ಕಂಬ ಎಲ್ಲಿದೆ ಎಂದು ಅಂದಾಜಾಗಲಿಲ್ಲ. ವ್ಯಾನಿನ ಮೂತಿ ಕಂಬಕ್ಕೆ ತಾಗಿತು. ಒಳಗೆ ಮಕ್ಕಳಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಟೀಚರುಗಳು ಓಡಿ ಬಂದಾಗ ಕಂಡದ್ದೇನು? ಹಗಲು ಮೂರೂವರೆಗೆ ಡ್ರೈವರ್ ತೂರಾಡುತ್ತ ಇಳಿಯುತ್ತಾನೆ, ಒಂದು ಕಣ್ಣು ಮುಚ್ಚಿದ್ದಾನೆ, ಬಾಯಿ ತೆರೆದರೆ ಮಾತು ತೊದಲುತ್ತದೆ. ಕುಡಿದಿದ್ದಾನೆ ಎಂದು ತೀರ್ಮಾನ ಮಾಡಲು ಅವರಿಗೆ ಎಷ್ಟು ಹೊತ್ತು ಬೇಕು? ಕತ್ತಲಾಗುವ ಮೊದಲೇ ಕಣ್ಣು ಸರಿಯಾಗಿತ್ತು, ಕೆಲಸ ಹೋಗಿತ್ತು.

ಮರುದಿನ ಬೆಳಿಗ್ಗೆ ಶೀನಣ್ಣ ಕ್ಲಿನಿಕ್ಕಿಗೆ ಬಂದರು. ಜಗಳಕ್ಕಲ್ಲ. ಒಂದು ಚೀಟಿ ಕೇಳಲು ಬಂದಿದ್ದರು. "ಡಾಕ್ಟ್ರೆ, ಇಂಜೆಕ್ಷನಿಂದ ಹಾಂಗ್ ಆಯ್ತ್ ಅಂದೇಳಿ ಎರಡ್ ಸಾಲ್ ಬರ್ದ್ ಕೊಡಿ. ಶಾಲೆಯವ್ರಿಗೆ ತೋರ್ಸ್ತೆ. ನಾ ಕುಡೂದಿಲ್ಲೆ, ಒಂದ್ ದಿನವೂ ಮುಟ್ಟಿದವ ಅಲ್ಲ."

ಡಾಕ್ಟ್ರು ಹಿಂದಿನ ದಿನ ಬರೆದಿಟ್ಟ ಅವರ ಚೀಟಿ ತೆಗೆದು ತೋರಿಸಿದರು. ಹಲ್ಲು ತೆಗೆಯಲಾಗಿದೆ, ಯಾವುದೇ ತೊಂದರೆಯಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. "ನಾ ಇವತ್ತ್ ಹಾಂಗ್ ಬರ್ದ್ ಕೊಟ್ರೆ ನಾಳೆ ಊರಿಡೀ ಎಂತ ಹೇಳ್ತ್ರ್ ಗೊತ್ತಿತ್ತಾ? ಕಣ್ಣ್ ಹೋತ್ತ್ ಅಂದೇಳಿ ಡಾಕ್ಟ್ರೇ ಬರ್ದ್ ಕೊಟ್ಟಿರ್ ಅಂತ್ರ್. ಇಷ್ಟ್ ವರ್ಷ ನಾವ್ ಮಾಡಿದ್ದೆಲ್ಲ ನೀರಿಗ್ ಹೋತ್ತ್" ಎಂದರು. ಜನರ ಒಳ್ಳೆಯದಕ್ಕೇ ಎಂಬ ಧಾಟಿ ಬೇರೆ. ಸುಳ್ಳು ನಂಬಿಕೆಯನ್ನು ಓಡಿಸಲು ಒಬ್ಬ ನಿಜ ಹೇಳುವವನನ್ನು ಕುಡುಕನನ್ನಾಗಿ ಮಾಡುವುದು ಯಾವ ಸೀಮೆಯ ವಿಜ್ಞಾನ ಎಂದು ಇವತ್ತು ಕೇಳುತ್ತೇನೆ. ಅವತ್ತು ಕೇಳಲಿಲ್ಲ.

ಶೀನಣ್ಣ ನನ್ನ ಕಡೆ ತಿರುಗಿದರು. "ಅಕ್ಕ, ನೀವ್ ಕಂಡಿದ್ರಿ ಅಲ್ದಾ? ನಾ ಹೇಳಿದ್ದ್ ಕೇಂಡಿದ್ರಿ ಅಲ್ದಾ?"

"ನಾ ಎಂತದೂ ಕಂಡಿಲ್ಲೆ" ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ವ್ಯಾನ್ ಸಿಗಲಿಲ್ಲ, ಬೇರೆ ಯಾರೂ ಗಾಡಿ ಕೊಡಲಿಲ್ಲ. ಗೇರುಬೀಜದ ಕಾರ್ಖಾನೆಯೊಂದರಲ್ಲಿ ಮೂಟೆ ಹೊರಲು ಸೇರಿದರೆಂದು ಆಮೇಲೆ ಕೇಳಿದೆ.

ನಾನು ಅದೇ ಕ್ಲಿನಿಕ್ಕಿನಲ್ಲಿ ಮತ್ತೂ ಹನ್ನೊಂದು ವರ್ಷ ದುಡಿದೆ. ಒಂದೇ ಬದಲಾವಣೆ ಮಾಡಿಕೊಂಡೆ. ಯಾರೇ ಆಗಲಿ ಕುರ್ಚಿಯಿಂದ ಏಳುವ ಮೊದಲು, ನನ್ನ ಬೆರಳು ನೋಡಿ ಎಂದು ಬೆರಳನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದೆ. ಡಾಕ್ಟ್ರು ಕೆಕ್ಕರಿಸಿ ನೋಡುತ್ತಿದ್ದರು, ನೋಡಲಿ. ಅಷ್ಟು ವರ್ಷಗಳಲ್ಲಿ ಇನ್ನೊಬ್ಬರಿಗೆ ಮಾತ್ರ ಹಾಗಾಯಿತು, ಸಾಸ್ತಾನದ ಒಬ್ಬರು ಟೀಚರಿಗೆ. ಅವರ ರೆಪ್ಪೆ ಅರ್ಧಕ್ಕೆ ಇಳಿದು ಮೇಲೇಳಲಿಲ್ಲ. "ಎಂತ ಇಲ್ಲೆ, ಮನಿಗ್ ಹೋಯ್ಲಕ್ಕ್" ಎಂದರು ಡಾಕ್ಟ್ರು. ನಾನು ಅವರೆದುರೇ ಕಣ್ಣಿಗೆ ಶುದ್ಧ ಬಟ್ಟೆ ಮುಚ್ಚಿ, ಟೀಚರನ್ನು ಬೆಂಚಿನಲ್ಲಿ ಕೂರಿಸಿ, ಇದು ಮದ್ದಿನಿಂದ ಆದದ್ದು, ಇಳಿಯುತ್ತದೆ, ಇಳಿಯುವ ತನಕ ನಾನು ಬಿಡುವುದಿಲ್ಲ ಎಂದೆ. ಅವರ ಗಂಡನಿಗೆ ಫೋನ್ ಮಾಡಿದೆ. ಎರಡು ಗಂಟೆಯಲ್ಲಿ ರೆಪ್ಪೆ ಎದ್ದಿತು. ಟೀಚರು ಹೆದರಲಿಲ್ಲ, ಊರಿಗೆ ಬೆಂಕಿ ಬೀಳಲಿಲ್ಲ, ಡಾಕ್ಟ್ರ ಹೆಸರೂ ಹಾಳಾಗಲಿಲ್ಲ. ನಿಜ ಹೇಳಿದರೆ ಆಗುವುದು ಇಷ್ಟೇ ಎಂದು ಅವತ್ತು ಕಂಡಾಗ ಸಮಾಧಾನದ ಬದಲು ಹೊಟ್ಟೆ ಉರಿಯಿತು. ಇಷ್ಟು ಸುಲಭದ ಕೆಲಸವನ್ನು ಶೀನಣ್ಣನಿಗೆ ನಾವಿಬ್ಬರೂ ಮಾಡಲಿಲ್ಲವಲ್ಲ.

ಕೆಲಸ ಬಿಟ್ಟ ಮೇಲೆ, ಹೋದ ವರ್ಷ, ನನ್ನದೇ ಹಲ್ಲು ತೋರಿಸಲು ಬ್ರಹ್ಮಾವರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಹೊಸ ಕುರ್ಚಿ, ಹೊಸ ಯಂತ್ರ, ಮದ್ದು ಗಾಜಿನ ಪುಟ್ಟ ಕೊಳವೆಯಲ್ಲಿ ಬರುವ ಹೊಸ ಸಿರಿಂಜು. ನನಗಿಂತ ಮೊದಲಿನ ಸರದಿಯ ಅಜ್ಜಿಯೊಬ್ಬರು ಇಂಜೆಕ್ಷನ್ ಆದ ಮೇಲೆ "ಕಣ್ಣ್ ಒಂಥರಾ ಆತ್ತ್" ಎಂದರು. ಸಹಾಯಕಿ ಹುಡುಗಿ ಕಣ್ಣು ನೋಡಲಿಲ್ಲ. ನಗುತ್ತಾ, "ಅಜ್ಜಿ, ಕಣ್ಣ್ ಮಾಳ್ಗಿ ಮೇಲಿಪ್ಪ ಬಾಡ್ಗಿಯವ್ರ್" ಎಂದು ಶುರು ಮಾಡಿದಳು. ಒಂದಕ್ಷರವೂ ತಪ್ಪಿಲ್ಲ. ಚಿಕ್ಕವಳಿದ್ದಾಗ ಶಾಲೆಯ ಶಿಬಿರದಲ್ಲಿ ಕೇಳಿದ್ದಂತೆ. ನಾನು ಎದ್ದು ಹೋಗಿ ಅಜ್ಜಿಯ ಎದುರು ಬೆರಳು ಆಡಿಸಿದೆ. ಕಣ್ಣು ಸರಿಯಿತ್ತು, ಬರೀ ಗಾಬರಿ. ನನ್ನದೇ ಮಾತು ಇನ್ನೊಬ್ಬಳ ಬಾಯಲ್ಲಿ ಕೇಳಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಯಾವ ಡಾಕ್ಟ್ರ ಮೇಲೂ ಬಂದಿರಲಿಲ್ಲ. ಹಲ್ಲು ತೋರಿಸದೆ ಮನೆಗೆ ಬಂದು, ಅವತ್ತೇ ಕೂತು ಶೀನಣ್ಣನಿಗೆ ಕೊಡಬೇಕಿದ್ದ ಚೀಟಿಯನ್ನು ಬರೆದೆ.

ಹೆಮ್ಮಾಡಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶೀನಣ್ಣ ಜಗಲಿಯಲ್ಲಿ ಕೂತಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದರು, "ಬನಿ, ಕೂಕಣಿ" ಎಂದರು. ಒಳಗಿನಿಂದ ಅವರ ಹೆಂಡತಿ ಗಿರಿಜಕ್ಕ ನೀರು ಬೆಲ್ಲ ತಂದಿಟ್ಟರು. ನಾನು ಚೀಟಿ ಚಾಚಿದೆ. ಶೀನಣ್ಣ ಕೈ ನೀಡಲಿಲ್ಲ.

"ಶಾಲೆಯಲ್ಲ್ ಈಗ ನನ್ನ ಗುರ್ತ ಇಪ್ಪವ್ರ್ ಯಾರೂ ಇಲ್ಲೆ ಅಕ್ಕ" ಎಂದರು. "ನಂಗೆ ಕೊಡುದ್ ಬ್ಯಾಡ. ಇವ್ಳಿಗೆ ಓದಿ ಹೇಳಿ."

ನನಗೆ ಮೊದಲು ಅರ್ಥವಾಗಲಿಲ್ಲ. ಗಿರಿಜಕ್ಕ ಬಾಗಿಲಿಗೆ ಒರಗಿ ನಿಂತರು. ನಾನು ಓದಿದೆ. ಇಂಥವರು ನಮ್ಮ ಕ್ಲಿನಿಕ್ಕಿಗೆ ಬಂದಾಗ ಸರಿಯಾಗಿದ್ದರು, ಕುಡಿದಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಅವರ ಎಡಗಣ್ಣು ಹೊರಳಲಿಲ್ಲ, ಎರಡೆರಡು ಕಾಣುತ್ತದೆ ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ, ಕಣ್ಣಾರೆ ಕಂಡಿದ್ದೇನೆ. ಮರುದಿನ ಕೇಳಿದಾಗ ಕಂಡಿಲ್ಲ ಎಂದದ್ದು ಸುಳ್ಳು. ಇಷ್ಟೇ ಇದ್ದದ್ದು. 

ಗಿರಿಜಕ್ಕ ಗಂಡನ ಮುಖ ನೋಡದೆ ಹೇಳಿದರು. "ನಾ ಇವ್ರನ್ನ ದೇವಸ್ಥಾನಕ್ಕೆ ಕರ್ಕಂಡ್ ಹೋಯ್ ಆಣಿ ಹಾಕ್ಸಿದ್ದೆ. ಇನ್ನ್ ಮೇಲೆ ಕುಡೂದಿಲ್ಲೆ ಅಂದೇಳಿ."

"ಹಾಕ್ದೆ" ಎಂದರು ಶೀನಣ್ಣ. "ಕುಡೀದವ ಆಣಿ ಎಂತಕೆ ಹಾಕ್ಕ್ ಅಂದ್ರೆ ಯಾರ್ ಕೇಂತ್ರ್? ಹಾಕುದಿಲ್ಲೆ ಅಂದಿದ್ರೆ, ಇವ ನಾಳೆಯೂ ಕುಡಿತ ಅಂದೇಳಿ ಆತಿತ್ತ್."

ನಮ್ಮ ಕಡೆ ದೇವರ ಎದುರು ಹಾಕಿದ ಆಣೆ ಎಂದರೆ ಏನೆಂದು ನನಗೆ ಹೇಳಬೇಕಾಗಿಲ್ಲ. ಮಾಡದ ತಪ್ಪನ್ನು ಇನ್ನು ಮಾಡುವುದಿಲ್ಲ ಎಂದು ಆ ಮನುಷ್ಯ ಹೆಂಡತಿಯ ಎದುರು, ದೇವರ ಎದುರು ಒಪ್ಪಿಕೊಂಡು ಬಂದಿದ್ದರು. ಅಷ್ಟು ವರ್ಷ ಒಂದೇ ಮನೆಯಲ್ಲಿ ಅವರು ಕುಡಿತ ಬಿಟ್ಟವರಾಗಿ, ಗಿರಿಜಕ್ಕ ಬಿಡಿಸಿದವರಾಗಿ ಬದುಕಿದ್ದರು. ನಾನು ಚೀಟಿಯನ್ನು ಮಡಚಿ ಜಗಲಿಯ ಮೇಲಿಟ್ಟೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಗಿರಿಜಕ್ಕ ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದರು. "ಜಲಜಕ್ಕ, ಇದನ್ನ್ ಬಂದ್ ಹೇಳುಕೆ ಆವತ್ತ್ ಕುಂದಾಪ್ರದಿಂದ ಹೆಮ್ಮಾಡಿಗ್ ಬಸ್ ಇರ್ಲಿಲ್ಯಾ?"

ಇತ್ತು. ಹತ್ತು ನಿಮಿಷಕ್ಕೊಂದು ಇತ್ತು.